ಸಮಯ ಮಾಡಿಕೊಳ್ಳಿ ಎನ್ನುವವರಿಗೆ

ಪುಸ್ತಕ ಬಿಡುಗಡೆಯ ಸಭೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ನವೆಂಬರ್ ತಿಂಗಳ ಭಾಷಣವಿರಲಿ, ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಓದುವ ಮನಸ್ಸಿದ್ದವರಿಗೆ ಸಮಯ ತಾನಾಗಿ ಸಿಗುತ್ತದಂತೆ. ಸಮಯವಿಲ್ಲ ಎನ್ನುವುದು ಸೋಮಾರಿಗಳ ನೆಪವಂತೆ. ಮೊಬೈಲು ಬದಿಗಿಡಿ, ಬೆಳಗ್ಗೆ ಒಂದು ಗಂಟೆ ಮೊದಲೇ ಏಳಿ, ದಿನಕ್ಕೆ ಇಪ್ಪತ್ತು ಪುಟ ಎಂದು ಗುರಿ ಹಾಕಿಕೊಳ್ಳಿ, ವರ್ಷ ತುಂಬುವುದರೊಳಗೆ ಒಂದು ಕಪಾಟಿನಷ್ಟು ಪುಸ್ತಕ ಮುಗಿದಿರುತ್ತದೆ ಎಂಬ ಪರಿಹಾರವೂ ಅದರ ಬೆನ್ನಿಗೇ ಬರುತ್ತದೆ. ಪುರವಣಿಗಳು ಇದನ್ನೇ ಬರೆಯುತ್ತವೆ, ವಾಟ್ಸ್‌ಆ್ಯಪ್ ಗುಂಪುಗಳು ಇದನ್ನೇ ಹಂಚುತ್ತವೆ. ಸಭೆಯಲ್ಲಿ ಕೂತ ಗೃಹಿಣಿ, ಗುಮಾಸ್ತ, ಮೇಷ್ಟ್ರು ಎಲ್ಲರೂ ತಲೆದೂಗುತ್ತಾರೆ. ತಪ್ಪು ತಮ್ಮದೇ ಎಂದುಕೊಂಡು ಮನೆಗೆ ಹೋಗುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಅರ್ಧ ಸತ್ಯ ಎಂದು ಮೆದುವಾಗಿ ಹೇಳಿ ಬಿಟ್ಟುಬಿಡುವಂಥದ್ದೂ ಇದಲ್ಲ. ಓದುವುದಕ್ಕೆ ಬೇಕಾದ ಬಿಡುವು ಒಬ್ಬೊಬ್ಬರ ಹಟದಿಂದ ಹುಟ್ಟಿದ್ದು ಬಹಳ ಕಡಿಮೆ. ಹೆಚ್ಚಿನ ಸಲ ಅದನ್ನು ಯಾರೋ ಏರ್ಪಾಡು ಮಾಡಿಕೊಟ್ಟಿದ್ದಾರೆ: ಜೊತೆಯ ಕೆಲಸಗಾರರು, ಮನೆಯವರು, ಊರಿನವರು, ಪತ್ರಿಕೆ, ಗ್ರಂಥಾಲಯ. ಆ ಏರ್ಪಾಡು ಕಳಚಿಬಿದ್ದಾಗ ಓದು ಕಡಿಮೆಯಾಯಿತು. ಅದನ್ನು ಮತ್ತೆ ಕಟ್ಟಬೇಕಾದವರು ತಮ್ಮ ಕೆಲಸ ಬಿಟ್ಟು, ಕಳೆದುಕೊಂಡವರಿಗೇ ಬುದ್ಧಿ ಹೇಳುತ್ತಿದ್ದಾರೆ.

ಕೇರಳದ ಕಣ್ಣೂರಿನ ಬೀಡಿ ಕೆಲಸಗಾರರನ್ನು ನೆನೆಯೋಣ. ಬೀಡಿ ಸುತ್ತುವವರ ಕೂಲಿ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದ್ದು. ಎಲೆ ಕತ್ತರಿಸಬೇಕು, ತಂಬಾಕು ತುಂಬಬೇಕು, ಸುತ್ತಬೇಕು, ದಾರ ಕಟ್ಟಬೇಕು. ಕೈ ನಿಂತರೆ ಕೂಲಿಯೂ ನಿಂತಿತು. ಇದಕ್ಕಿಂತ ಬಿಡುವಿಲ್ಲದ ದುಡಿಮೆ ಯಾವುದಿದೆ? ಆದರೂ ಉತ್ತರ ಮಲಬಾರಿನ ಬೀಡಿ ಕಂಪನಿಗಳಲ್ಲಿ ದಿನಪತ್ರಿಕೆಯನ್ನೂ ಪುಸ್ತಕಗಳನ್ನೂ ದಿನವೂ ಓದುತ್ತಿದ್ದರು. ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಸುತ್ತುತ್ತಲೇ ಕೇಳುತ್ತಿದ್ದರು. ಓದುವ ಹೊತ್ತಿನಲ್ಲಿ ಅವನಿಗೆ ಆಗುತ್ತಿದ್ದ ನಷ್ಟಕ್ಕೆ ಏನು ದಾರಿ? ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುತ್ತಿದ್ದರು. 1969ರಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರ ಸಂಘದ ಕೆಲಸದ ಮನೆಗಳಲ್ಲೂ ಈ ಪದ್ಧತಿ ಮುಂದುವರಿಯಿತು. ಇನ್ನೂ ನೂರು ವರ್ಷ ಹಿಂದೆ, 1860ರ ದಶಕದಲ್ಲಿ, ಕ್ಯೂಬಾದ ಹವಾನಾ ನಗರದ ಚುರುಟಿನ ಕಾರ್ಖಾನೆಗಳಲ್ಲೂ ಇಂಥದ್ದೇ ನಡೆದಿತ್ತು. ಅಲ್ಲಿನ ಕೆಲಸಗಾರರು ತಮ್ಮ ಕೂಲಿಯಿಂದ ದುಡ್ಡು ಕೂಡಿಸಿ, ಓದಿ ಹೇಳುವುದಕ್ಕೆಂದೇ ಒಬ್ಬನನ್ನು ನೇಮಿಸಿಕೊಂಡಿದ್ದರು. ಫ್ರೆಂಚ್ ಕಾದಂಬರಿಕಾರ ಡ್ಯೂಮಾನ ಮಾಂಟೆ ಕ್ರಿಸ್ಟೊ ಕತೆಯನ್ನು ಅವರು ಎಷ್ಟು ಮೆಚ್ಚಿದರೆಂದರೆ ಮುಂದೆ ಒಂದು ಚುರುಟಿಗೇ ಆ ಹೆಸರು ಬಂತು.

ಇವರಲ್ಲಿ ಯಾರೂ ಬೆಳಗ್ಗೆ ಐದಕ್ಕೆ ಎದ್ದು ಸಮಯ ಮಾಡಿಕೊಳ್ಳಲಿಲ್ಲ. ಒಬ್ಬನ ಓದಿನ ಹೊತ್ತಿಗೆ ಹತ್ತಾರು ಜನ ತಮ್ಮ ದುಡಿಮೆಯಿಂದ ಬೆಲೆ ತೆತ್ತರು. ಹಾಗೆ ತೆತ್ತಿದ್ದರಿಂದ ಓದು ಎಲ್ಲರದೂ ಆಯಿತು.

ಕನ್ನಡದ ಓದಿನ ಚರಿತ್ರೆಯೂ ಬೇರೆಯೇನಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಜನರಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಗೊಣಗುತ್ತ ಕೂರಲಿಲ್ಲ. ಅಕ್ಷರ ಬಾರದ ರೈತರು ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಬಲ್ಲವರಾದದ್ದು ಜಗಲಿಯ ಮೇಲಿನ ಗಮಕ ವಾಚನದಿಂದ. ಹಗಲೆಲ್ಲ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು ರಾತ್ರಿ ಭಾರತ ಕೇಳುವುದಕ್ಕೆ ಬರುತ್ತಿದ್ದರು. ಒಬ್ಬರು ಹಾಡಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಯಾರದೋ ಮನೆಯ ದೀಪದ ಎಣ್ಣೆ ಉರಿಯುತ್ತಿತ್ತು. ಗಳಗನಾಥರು 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ಸದ್ಬೋಧ ಚಂದ್ರಿಕೆಯಲ್ಲಿ ಕಾದಂಬರಿಗಳನ್ನು ತಿಂಗಳು ತಿಂಗಳು ಕೊಟ್ಟು, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗ ತಮ್ಮ ಬಳಿಗೆ ಬರಲಿ ಎಂದು ಅವರು ಕಾಯಲಿಲ್ಲ.

ನನ್ನ ತಲೆಮಾರಿನವರ ಮನೆಗಳಿಗೆ ಆ ಗಂಟು ವಾರಪತ್ರಿಕೆಯ ರೂಪದಲ್ಲಿ ಬಂತು. ಪ್ರಜಾಮತ, 1965ರಿಂದ ಸುಧಾ, 1983ರಿಂದ ತರಂಗ. ಧಾರಾವಾಹಿಯ ಒಂದು ಕಂತು ಓದುವುದಕ್ಕೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಸಾರಿನ ಒಗ್ಗರಣೆ ಹಾಕಿ ಅನ್ನ ಬೇಯುವವರೆಗಿನ ಹೊತ್ತು ಸಾಕಿತ್ತು. ಯಂಡಮೂರಿ ವೀರೇಂದ್ರನಾಥರ ತುಳಸಿದಳ ವಂಶಿಯವರ ಕನ್ನಡದಲ್ಲಿ ಸುಧಾದಲ್ಲಿ ಬರುತ್ತಿದ್ದಾಗ ಪತ್ರಿಕೆ ಮನೆಗೆ ಬಂದ ದಿನ ಯಾರು ಮೊದಲು ಓದುವುದೆಂದು ಜಗಳವಾಗುತ್ತಿತ್ತು. ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಪುಟ್ಟ ಅಂಗಡಿ, ಮೂರು ಗೋಡೆಗೂ ರಟ್ಟು ಹಾಕಿದ ಕಾದಂಬರಿಗಳು, ದಿನಕ್ಕೆ ಇಷ್ಟು ಪೈಸೆ ಬಾಡಿಗೆ. ತ್ರಿವೇಣಿಯವರ ಬೆಕ್ಕಿನ ಕಣ್ಣು ಒಂದು ಮನೆಗೆ ಬಂದರೆ ಅತ್ತೆ, ಸೊಸೆ, ಕಾಲೇಜಿಗೆ ಹೋಗುವ ಮಗಳು ಮೂವರೂ ಸರದಿಯ ಮೇಲೆ ಓದಿ ಮುಗಿಸಿ ವಾಪಸು ಕಳಿಸುತ್ತಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಓದಿಯೇ ಕನ್ನಡದ ಓಟ ಕಲಿತವರು ಲೆಕ್ಕವಿಲ್ಲದಷ್ಟು ಜನ. ವಿಮರ್ಶಕರು ಅದನ್ನು ಸಾಹಿತ್ಯವೆಂದು ಒಪ್ಪಲಿಲ್ಲ, ಸರಿ. ಆದರೆ ಕಾರಂತರನ್ನೂ ಭೈರಪ್ಪನವರನ್ನೂ ಓದಿದ ಕಣ್ಣುಗಳಲ್ಲಿ ಎಷ್ಟೋ ಮೊದಲು ಪಳಗಿದ್ದು ಪುರುಷೋತ್ತಮನ ಹಿಂದೆ ಓಡಿ.

ಆ ಓದುಗರಿಗೆ ಇವತ್ತಿನವರಿಗಿಂತ ಹೆಚ್ಚು ಸಂಕಲ್ಪಶಕ್ತಿ ಇತ್ತೆಂದು ನಾನು ನಂಬಲಾರೆ. ಅವರ ಕೈಗೆಟುಕುವ ಜಾಗದಲ್ಲಿ, ಅವರ ಕೆಲಸದ ನಡುವಿನ ಸಂದುಗಳಿಗೆ ಹೊಂದುವ ಅಳತೆಯಲ್ಲಿ, ಅವರ ಜೇಬಿಗೆ ತಕ್ಕ ಬೆಲೆಗೆ ಓದು ಸಿಗುತ್ತಿತ್ತು. ಅಷ್ಟೇ ವ್ಯತ್ಯಾಸ, ಮತ್ತು ಅದೇ ಎಲ್ಲ ವ್ಯತ್ಯಾಸ.

ಬೆಳಗ್ಗೆ ಬೇಗ ಏಳಿ ಎನ್ನುವ ಸಲಹೆ ಯಾರಿಗೆ ಹೇಳಿದ್ದು? ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಈ ಕೆಲಸಕ್ಕೆ ಕೈ ಹಾಕುತ್ತಿದ್ದವರೇ ನಾಲ್ವರಲ್ಲಿ ಒಬ್ಬರು. ಅವರು ಕೊಟ್ಟದ್ದು 97 ನಿಮಿಷ. ಮಕ್ಕಳ, ಮುದುಕರ ಆರೈಕೆಯ ಲೆಕ್ಕ ಇದಕ್ಕೆ ಹೊರಗಿನದು. ಬೆಳಗ್ಗೆ ಐದಕ್ಕೆ ಎದ್ದೇ ಇರುವ ಹೆಂಗಸಿಗೆ ನಾಲ್ಕಕ್ಕೆ ಎದ್ದು ಓದಿ ಎನ್ನುವುದು ಕ್ರೌರ್ಯ. ಅವಳ ಓದಿನ ಒಂದು ಗಂಟೆ ಇರುವುದು ಗಂಡ ತೊಳೆಯದ ಪಾತ್ರೆಗಳಲ್ಲಿ, ಮಗ ಮಡಿಸದ ಬಟ್ಟೆಯಲ್ಲಿ. ವೇದಿಕೆಯ ಮೇಲಿನ ಯಾವ ಅತಿಥಿಯೂ ಸಭೆಯ ಗಂಡಸರ ಕಡೆ ತಿರುಗಿ, ನಿಮ್ಮ ಮನೆಯವರು ಓದಬೇಕಾದರೆ ರಾತ್ರಿಯ ಅಡುಗೆಮನೆಯನ್ನು ನೀವು ನೋಡಿಕೊಳ್ಳಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಕಾದಂಬರಿಗಾರ್ತಿ ಎಂ. ಕೆ. ಇಂದಿರಾ ಅವರಿಗೆ ಹನ್ನೆರಡರ ವಯಸ್ಸಿನಲ್ಲಿ ಮದುವೆಯಾಯಿತು. ಮೊದಲ ಕಾದಂಬರಿ ತುಂಗಭದ್ರ ಬಂದದ್ದು 1963ರಲ್ಲಿ, ಅವರು ನಲವತ್ತೈದು ದಾಟಿದ ಮೇಲೆ. ಅದಾದ ಮೇಲೆ ಫಣಿಯಮ್ಮನಂಥ ಕೃತಿಯನ್ನೂ ಕೊಟ್ಟರು. ಇಳಿವಯಸ್ಸಿನಲ್ಲೂ ಸಾಧಿಸಿದರು ಎಂದು ಅವರ ಬದುಕನ್ನು ಸ್ಫೂರ್ತಿಯ ಕತೆಯಾಗಿ ಹೇಳುವುದಿದೆ. ಆ ಇಸವಿಯನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಮದುವೆಗೂ ಪುಸ್ತಕಕ್ಕೂ ನಡುವಿನ ಮೂರು ದಶಕ. ಆ ಮೂವತ್ತು ವರ್ಷಗಳಲ್ಲಿ ದಿನಕ್ಕೊಂದು ಗಂಟೆ ಯಾರಾದರೂ ಬಿಡಿಸಿಕೊಟ್ಟಿದ್ದರೆ ಕನ್ನಡಕ್ಕೆ ಇನ್ನೆಷ್ಟು ಸಿಗುತ್ತಿತ್ತು? ಬರೆಯಲೇ ಆಗದೆ, ಓದಲೂ ಆಗದೆ ಹೋದವರ ಹೆಸರು ನಮಗೆ ಗೊತ್ತಾಗುವುದೇ ಇಲ್ಲ.

ಇಲ್ಲಿಗೆ ಬಂದಾಗ ಎದುರಾಳಿಗಳು ಮಹಾಪುರುಷರನ್ನು ಮುಂದೆ ನಿಲ್ಲಿಸುತ್ತಾರೆ. ಬೀದಿದೀಪದ ಕೆಳಗೆ ಓದಿದವರ ಕತೆ ಬರುತ್ತದೆ, ಕೊನೆಗೆ ಅಂಬೇಡ್ಕರ್ ಹೆಸರು ಬರುತ್ತದೆ. ಅಷ್ಟು ಕಷ್ಟದಲ್ಲಿ ಅವರು ಓದಲಿಲ್ಲವೇ, ನಿಮಗೇನು ಅಡ್ಡಿ? ಸರಿ, ಆ ಕತೆಯನ್ನು ಪೂರ್ತಿ ಹೇಳೋಣ. ಮುಂಬಯಿಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಲ್ಲಿ ಹುಡುಗ ಭೀಮರಾವ್ ಓದಲೆಂದು ತಂದೆ ರಾಮಜಿ ನಡುರಾತ್ರಿ ಕಳೆಯುವವರೆಗೆ ತಾವು ಎಚ್ಚರವಿದ್ದು, ಎರಡು ಗಂಟೆಗೆ ಮಗನನ್ನು ಎಬ್ಬಿಸಿ, ಆ ಮೇಲೆ ಮಲಗುತ್ತಿದ್ದರು. ಸಂಜೆ ಚರ್ನಿ ರಸ್ತೆಯ ಉದ್ಯಾನದಲ್ಲಿ ಕೂತು ಓದುತ್ತಿದ್ದ ಹುಡುಗನನ್ನು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಉಪಾಧ್ಯಾಯರು ಗಮನಿಸಿ ಮಾತನಾಡಿಸಿದರು, ಪುಸ್ತಕ ಕೊಟ್ಟರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು. ಮುಂದೆ ಅವರೇ ಬರೋಡಾದ ಸಯಾಜಿರಾವ್ ಗಾಯಕವಾಡರಿಗೆ ಹೇಳಿ ನೆರವು ಕೊಡಿಸಿದರು. 1913ರಲ್ಲಿ ಅದೇ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು.

ಆ ಹುಡುಗನ ಛಲ ಅಸಾಧಾರಣವಾದದ್ದು, ಅದನ್ನು ಯಾರೂ ಕಿರಿದು ಮಾಡಲಾಗದು. ಆದರೆ ನಿದ್ದೆಗೆಟ್ಟ ತಂದೆ, ಪಾರ್ಕಿನ ಬೆಂಚು, ಹುಡುಗನನ್ನು ಗುರುತಿಸಿದ ಮೇಷ್ಟ್ರು, ದುಡ್ಡು ಕೊಟ್ಟ ಸಂಸ್ಥಾನ ಇಷ್ಟನ್ನೂ ಅಳಿಸಿ ಛಲವೊಂದನ್ನೇ ಉಳಿಸಿಕೊಂಡು ಬಡವರ ಮಕ್ಕಳ ಮುಂದೆ ಹಿಡಿಯುವುದು ಆ ಬದುಕಿಗೇ ಮಾಡುವ ಅನ್ಯಾಯ. ಸಯಾಜಿರಾವ್ ತಮ್ಮ ರಾಜ್ಯದಲ್ಲಿ ಮಾಡಿದ್ದನ್ನೂ ಇಲ್ಲಿ ನೆನೆಯಬೇಕು. 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿ ಹಳ್ಳಿಹಳ್ಳಿಗೆ ಗ್ರಂಥಾಲಯ ತೆರೆಸಿದರು. ಗ್ರಂಥಾಲಯವಿಲ್ಲದ ಊರುಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಕಳಿಸಿದರು. ಪ್ರಜೆಗಳಿಗೆ ಓದುವ ಮನಸ್ಸು ಬರಲಿ, ಆಮೇಲೆ ನೋಡೋಣ ಎನ್ನಲಿಲ್ಲ.

ಇನ್ನು ಮೊಬೈಲಿನ ಮಾತು. ದಿನಕ್ಕೆ ಎರಡು ಗಂಟೆ ರೀಲ್ಸ್ ನೋಡುವವರು ಸಮಯವಿಲ್ಲ ಎನ್ನಬಹುದೇ? ಈ ಪ್ರಶ್ನೆಯಲ್ಲಿ ಬಲವಿದೆ, ತಳ್ಳಿಹಾಕುವುದಿಲ್ಲ. ಆ ಎರಡು ಗಂಟೆ ನಿಜ. ಆದರೆ ಆ ಗಂಟೆಗಳು ಎಂಥವು ಎಂದು ಕೇಳಬೇಡವೇ? ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನ ಒಂದು ಕೈಗೆ ಸಿಕ್ಕ ಹೊತ್ತು. ಮಕ್ಕಳು ಮಲಗಿದ ಮೇಲೆ ಎದ್ದು ದೀಪ ಹಾಕಿದರೆ ಎಚ್ಚರವಾದೀತೆಂದು ಕತ್ತಲಲ್ಲೇ ಕಳೆಯುವ ಹೊತ್ತು. ದಣಿದು, ಚೂರುಚೂರಾದ ಹೊತ್ತು. ಆ ಹೊತ್ತನ್ನು ಹಿಡಿಯಲು ದೊಡ್ಡ ದೊಡ್ಡ ಕಂಪನಿಗಳು ಜಾಣ ಎಂಜಿನಿಯರುಗಳನ್ನು ಕೂರಿಸಿಕೊಂಡು ಹಗಲಿರುಳು ದುಡಿಯುತ್ತಿವೆ. ರಾತ್ರಿ ಹನ್ನೊಂದಕ್ಕೆ ರೀಲ್ಸ್ ಬೆರಳ ತುದಿಯಲ್ಲಿದೆ; ಆ ಹೊತ್ತಿಗೆ ಬಡಾವಣೆಯ ಗ್ರಂಥಾಲಯಕ್ಕೆ ಬೀಗ ಬಿದ್ದು ಗಂಟೆಗಳೇ ಕಳೆದಿವೆ. ಒಂದು ಕಡೆ ಅಷ್ಟು ಶ್ರದ್ಧೆಯ ಏರ್ಪಾಡು, ಇನ್ನೊಂದು ಕಡೆ ಬರೀ ಉಪದೇಶ. ಸೋತದ್ದು ಓದುಗನ ಚಾರಿತ್ರ್ಯ ಎಂದು ತೀರ್ಪು ಕೊಡುವುದಕ್ಕೆ ಮೊದಲು ಎರಡನೆಯ ಕಡೆಯವರು ಏನು ಮಾಡಿದರೆಂದು ನೋಡಬೇಕು.

ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಪ್ರಕಟವಾದ ಆ ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯದ ಕುರಿತದ್ದು: ಅದನ್ನು ಉಳಿಸಿಕೊಡುವ ಹೊಣೆ ಗ್ರಂಥಾಲಯದ ಮೇಲಿದೆ. ತೊಂಬತ್ತು ವರ್ಷಗಳ ಹಿಂದೆಯೇ ಆ ಮನುಷ್ಯನಿಗೆ ಇದು ಸ್ಪಷ್ಟವಿತ್ತು. ಓದುಗರಿಗೆ ಸಮಯವಿಲ್ಲ ಎಂಬುದು ಅವರಿಗೆ ಬೈಯುವ ವಿಷಯವಾಗಿ ಕಾಣಲಿಲ್ಲ, ವ್ಯವಸ್ಥೆಯೊಂದು ಬಿಡಿಸಬೇಕಾದ ಸಮಸ್ಯೆಯಾಗಿ ಕಂಡಿತು.

ಅವರು ಬದುಕಿದ ಊರಿನಲ್ಲಿ ನಾವು ಏನು ಮಾಡಿದೆವು? ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಅದರಂತೆ ನಾವು ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಓದಿಗಾಗಿ ತೆರಿಗೆ ಕಟ್ಟುವ ಜನ ನಾವು. ನಮಗೆ ಓದು ಬೇಡವಾಗಿದೆ ಎಂದು ಯಾರಾದರೂ ಹೇಗೆ ಹೇಳುತ್ತಾರೆ? ಹಾಗೆ ಸಂಗ್ರಹವಾದ ಹಣದಲ್ಲಿ ನೂರಾರು ಕೋಟಿ ರೂಪಾಯಿಯನ್ನು ಬೆಂಗಳೂರಿನ ಪಾಲಿಕೆ ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡಿದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಗ್ರಂಥಾಲಯಗಳಿಗಾಗಿ ಪುಸ್ತಕಗಳ ಸಗಟು ಖರೀದಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಹೊಸ ಪುಸ್ತಕ ಗ್ರಂಥಾಲಯದ ಕಪಾಟಿಗೆ ಬರುವ ಹೊತ್ತಿಗೆ ಅದರ ಮಾತು ಊರಿನಲ್ಲಿ ಆರಿಹೋಗಿರುತ್ತದೆ. ಎಷ್ಟೋ ಶಾಖೆಗಳು ಬೆಳಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಬಸ್ಸಿಳಿದು ತರಕಾರಿ ಕೊಂಡು ಬರುವಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ.

ಒಳ್ಳೆಯದೇನೂ ನಡೆದಿಲ್ಲ ಎನ್ನಲಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಎಂಬ ಹೆಸರಿನವು. 2020ರಲ್ಲಿ, ಕೋವಿಡ್ಡಿನಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ, ಓದುವ ಬೆಳಕು ಕಾರ್ಯಕ್ರಮ ಶುರುವಾಗಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಮಕ್ಕಳು ಹಿಂಡು ಹಿಂಡಾಗಿ ಬಂದರು. ಬಾಗಿಲು ತೆರೆದಾಗ ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು? ಆ ಬಾಗಿಲನ್ನು ದಿನವೂ ತೆರೆಯುವ ಮೇಲ್ವಿಚಾರಕರು ಬದುಕಿಗೆ ಸಾಲುವ ಸಂಬಳಕ್ಕಾಗಿ ವರ್ಷವರ್ಷ ಧರಣಿ ಕೂರಬೇಕಾಗಿ ಬಂದದ್ದು ಮಾತ್ರ ನಾಚಿಕೆಗೇಡು.

ಇನ್ನು ಗುರಿ, ಪಟ್ಟಿ, ಲೆಕ್ಕ. ಸಮಯ ಮಾಡಿಕೊಳ್ಳಿ ಎಂಬ ಉಪದೇಶದ ಬಾಲದಲ್ಲೇ ಇದು ಬರುತ್ತದೆ: ಈ ವರ್ಷ ಎಷ್ಟು ಪುಸ್ತಕ ಮುಗಿಸಿದಿರಿ? ಡಿಸೆಂಬರ್ ಬಂತೆಂದರೆ ಫೇಸ್‌ಬುಕ್ಕಿನಲ್ಲಿ ಓದಿದ ಪುಸ್ತಕಗಳ ರಾಶಿಯ ಚಿತ್ರಗಳು. ಇದರಿಂದ ಓದು ಬೆಳೆಯುತ್ತದೆ ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಲೆಕ್ಕದ ಕಣ್ಣಿರುವವರು ದಪ್ಪ ಪುಸ್ತಕ ಮುಟ್ಟುವುದಿಲ್ಲ. ಮಲೆಗಳಲ್ಲಿ ಮದುಮಗಳು ಓದುತ್ತ ಒಂದು ಅಧ್ಯಾಯದಲ್ಲಿ ಮೂರು ದಿನ ಕಳೆದುಹೋಗುವುದು, ಕರ್ವಾಲೊವನ್ನು ಹತ್ತನೆಯ ಸಲ ತೆರೆಯುವುದು, ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವುದು ಇವೆಲ್ಲ ಪಟ್ಟಿಯ ಕಣ್ಣಿಗೆ ನಷ್ಟ. ಓದಿನ ಸುಖ ಇರುವುದೇ ಅಲ್ಲಿ. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಒಂದು ತಾಸು ದುಡಿಯುವ ಮನುಷ್ಯನಿಗೆ ಸಿಗುವ ಅಪರೂಪದ ಸ್ವಾತಂತ್ರ್ಯ. ಕಚೇರಿಯಲ್ಲಿ ದಿನವೆಲ್ಲ ಟಾರ್ಗೆಟ್ಟಿನ ಹಿಂದೆ ಓಡಿದವರಿಗೆ ಮನೆಯ ಪುಸ್ತಕದಲ್ಲೂ ಟಾರ್ಗೆಟ್ ಕೊಟ್ಟರೆ ಅವರು ಓದಿನಿಂದ ಓಡಿಹೋಗುತ್ತಾರೆ, ಅದು ಸರಿಯೂ ಹೌದು.

ಶಾಲೆಗಳಲ್ಲಂತೂ ಈ ಲೆಕ್ಕ ಮಕ್ಕಳ ಕತ್ತು ಹಿಸುಕುತ್ತದೆ. ಒಂದು ಕತೆ ಓದಿದ ಮಗು ಅದರ ಸಾರಾಂಶ ಬರೆಯಬೇಕು, ನೀತಿ ಹೇಳಬೇಕು, ಐದು ಪ್ರಶ್ನೆಗೆ ಉತ್ತರಿಸಬೇಕು. ಜಪಾನಿನ ಚಿಬಾ ಪ್ರಾಂತ್ಯದ ಪ್ರೌಢಶಾಲೆಯೊಂದರಲ್ಲಿ 1988ರಲ್ಲಿ ಹಯಾಶಿ ಹಿರೋಶಿ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ವಿರುದ್ಧವಾದ ಒಂದು ಕೆಲಸ ಮಾಡಿದರು. ಬೆಳಗ್ಗೆ ಪಾಠಕ್ಕೆ ಮೊದಲು ಹತ್ತು ನಿಮಿಷ ಓದು. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಎಲ್ಲರೂ ಓದಬೇಕು, ದಿನವೂ ಓದಬೇಕು, ಅವರವರಿಗೆ ಇಷ್ಟವಾದದ್ದನ್ನು ಓದಬೇಕು, ಓದಿದರೆ ಸಾಕು. ವರದಿ ಇಲ್ಲ, ಅಂಕ ಇಲ್ಲ. ಮುಂದೆ ಅದು ಜಪಾನಿನ ಸಾವಿರಾರು ಶಾಲೆಗಳಿಗೆ ಹಬ್ಬಿತು. ಇದಕ್ಕೆ ಕಟ್ಟಡ ಬೇಕಿಲ್ಲ, ಹೆಚ್ಚು ದುಡ್ಡೂ ಬೇಕಿಲ್ಲ. ವೇಳಾಪಟ್ಟಿಯಿಂದ ಹತ್ತು ನಿಮಿಷ ಬಿಟ್ಟುಕೊಡಬೇಕು, ಆ ಹತ್ತು ನಿಮಿಷವನ್ನು ಮೇಷ್ಟ್ರು ಗಣಿತಕ್ಕೆ ಎಳೆದುಕೊಳ್ಳಬಾರದು. ನಮ್ಮ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಮನಸ್ಸು ಮಾಡಿದರೆ ಬರುವ ಜೂನ್‌ನಿಂದಲೇ ಆಗುವಂಥದ್ದು.

ಹಾಗೆಯೇ ಆಗಬಹುದಾದ ಕೆಲಸಗಳು ಇನ್ನೂ ಇವೆ. ಪಂಚಾಯಿತಿ ಗ್ರಂಥಾಲಯ ಪಂಚಾಯಿತಿಯ ಅಧೀನದಲ್ಲೇ ಇರುವುದರಿಂದ ಅದು ತೆರೆದಿರುವ ಹೊತ್ತಿನ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಬಹುದು. ಕೂಲಿಯಿಂದ ಬಂದವರಿಗೆ ಸಂಜೆ ಆರರಿಂದ ಒಂಬತ್ತು ಅನುಕೂಲವೋ, ಭಾನುವಾರ ಪೂರ್ತಿ ಅನುಕೂಲವೋ ಎಂದು ಅವರನ್ನೇ ಕೇಳಿ ಬರೆಸಬಹುದು. ಹೆಚ್ಚುವರಿ ಗಂಟೆಗಳಿಗೆ ಮೇಲ್ವಿಚಾರಕರಿಗೆ ಸಂಬಳ ಎಲ್ಲಿಂದ ಎಂಬುದನ್ನೂ ಅದೇ ಸಭೆಯಲ್ಲಿ ಕೇಳಬೇಕು. ಅವರ ಬಿಟ್ಟಿ ದುಡಿಮೆಯ ಮೇಲೆ ನಮ್ಮ ಓದು ನಿಲ್ಲಬಾರದು. ಪಟ್ಟಣದವರು ಈ ವರ್ಷ ಆಸ್ತಿ ತೆರಿಗೆ ಕಟ್ಟಿದ ಮೇಲೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಲಿ: ನಮ್ಮ ಊರಿನಲ್ಲಿ ಗ್ರಂಥಾಲಯ ಸೆಸ್ ಎಂದು ಎಷ್ಟು ಸಂಗ್ರಹವಾಯಿತು, ಅದರಲ್ಲಿ ಗ್ರಂಥಾಲಯಕ್ಕೆ ಎಷ್ಟು ಹೋಯಿತು, ಉಳಿದದ್ದು ಎಲ್ಲಿದೆ, ನಮ್ಮ ವಾರ್ಡಿನ ಶಾಖೆ ರಾತ್ರಿ ಒಂಬತ್ತರವರೆಗೆ ತೆರೆದಿರಲು ಏನು ಅಡ್ಡಿ. ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರ ಕೊಡಲು ಅಧಿಕಾರಿಗೆ ಮೂವತ್ತು ದಿನ.